ಬಾವಿಯೊಳಗಿನ ಎರಡು ಕಲ್ಲು, ಕಡಲೊಳಗಿನ ಹೆಬ್ಬೆರಳು

ಮುಳಬಾಗಿಲಿನ ಹತ್ತಿರ ನಮ್ಮೂರಲ್ಲಿ ಒಂದು ಕಪಿಲೆ ಬಾವಿ ಇತ್ತು. ಬೇಸಿಗೆ ರಜೆ ಬಂತೆಂದರೆ ಹುಡುಗರೆಲ್ಲ ಅದರಲ್ಲೇ. ಈಜು ಬಾರದವರ ಬೆನ್ನಿಗೆ ಒಣಗಿದ ಸೋರೆ ಬುರುಡೆ. ಆಗ ನಾವೊಂದು ಆಟ ಆಡುತ್ತಿದ್ದೆವು. ಒಬ್ಬ ನೀರಲ್ಲಿ ಮುಳುಗಿ ಎರಡು ಕಲ್ಲು ಕುಟ್ಟಬೇಕು. ಇನ್ನೊಬ್ಬ ಕಣ್ಣು ಮುಚ್ಚಿ ಮುಳುಗಿ, ಸದ್ದು ಯಾವ ಕಡೆಯಿಂದ ಬಂತು ಅಂತ ಕೈ ತೋರಿಸಬೇಕು. ಕಲ್ಲಿನ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಆದರೆ ದಿಕ್ಕು ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ. ಟಕ್ ಟಕ್ ಅನ್ನುವುದು ನಮ್ಮ ತಲೆಯೊಳಗೇ ಹುಟ್ಟಿದ ಹಾಗಿರುತ್ತಿತ್ತು.

ಆ ಬಾವಿ ಬತ್ತಿ ಎಷ್ಟೋ ವರ್ಷಗಳಾದವು. ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಲ್ಲಿ ಮುಳುಗುವ ವಿಷಯ ಬಂದಾಗಲೆಲ್ಲ ನನಗೆ ಅದೇ ಸದ್ದು ನೆನಪಾಗುತ್ತದೆ. ಯಾಕೆಂದರೆ ಡೈವರ್‌ಗಳು ಕೈಸನ್ನೆಯಲ್ಲಿ ಮಾತಾಡುವುದರ ಕಾರಣ ಆ ಆಟದಲ್ಲೇ ಇದೆ.

‘ನೀರೊಳಗೆ ಸದ್ದು ಹೋಗಲ್ಲ, ಅದಕ್ಕೇ ಸನ್ನೆ’ ಅಂತ ಓದಿದವರೂ ಹೇಳುತ್ತಾರೆ. ಇದು ಪೂರ್ತಿ ತಿರುವುಮುರುವು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸಮುದ್ರದ ನೀರಲ್ಲಿ ಸುಮಾರು 1,500 ಮೀಟರ್. 1826ರಲ್ಲೇ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಜಿನೀವಾ ಸರೋವರದಲ್ಲಿ ಇದನ್ನು ಅಳೆದಿದ್ದರು. 13 ಕಿಲೋಮೀಟರಿಗೂ ದೂರದಲ್ಲಿ ಎರಡು ದೋಣಿ. ಒಂದರ ಕೆಳಗೆ ನೀರಲ್ಲಿ ಇಳಿಬಿಟ್ಟ ಗಂಟೆ. ಗಂಟೆ ಬಡಿದ ಕ್ಷಣಕ್ಕೇ ದೋಣಿಯ ಮೇಲೆ ಮದ್ದಿನ ಪುಡಿ ಭಗ್ಗನೆ ಹತ್ತಿಕೊಳ್ಳಬೇಕು. ಇನ್ನೊಂದು ದೋಣಿಯಲ್ಲಿದ್ದವರು ಆ ಬೆಳಕು ಕಂಡ ಕೂಡಲೇ ಲೆಕ್ಕ ಶುರು ಮಾಡಿ, ನೀರಿಗೆ ಅದ್ದಿದ ಕೊಳವೆಗೆ ಕಿವಿ ಕೊಟ್ಟು ಕಾಯಬೇಕು. ಗಂಟೆಯ ಸದ್ದು ಬರಲು ಒಂಬತ್ತು ಸೆಕೆಂಡಿಗೆ ಸ್ವಲ್ಪ ಜಾಸ್ತಿ ಹಿಡಿಯಿತು. ಸೆಕೆಂಡಿಗೆ 1,435 ಮೀಟರ್ ಎಂದು ಲೆಕ್ಕ ಬಂತು. ಎಂಟು ಡಿಗ್ರಿಯ ತಣ್ಣೀರಿಗೆ ಇವತ್ತಿನ ಉಪಕರಣ ಹೇಳುವುದೂ ಹೆಚ್ಚುಕಡಿಮೆ ಅಷ್ಟೇ. ಎಂಥ ಕೆಲಸ, ಅಲ್ವಾ!

ಆ ವೇಗವೇ ನಮ್ಮ ಕಿವಿಯನ್ನು ಸೋಲಿಸುವುದು. ಬಲಗಡೆಯ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ಒಂದು ಚೂರು ತಡವಾಗಿ. ಸೆಕೆಂಡನ್ನು 10,000 ಪಾಲು ಮಾಡಿದರೆ ಗಾಳಿಯಲ್ಲಿ ಈ ತಡ ಹೆಚ್ಚೆಂದರೆ ಆರೇಳು ಪಾಲು. ಮಿದುಳು ದಿಕ್ಕು ಹಿಡಿಯುವುದು ಮುಖ್ಯವಾಗಿ ಈ ತಡದಿಂದಲೇ. ನೀರಲ್ಲಿ ಅದು ಒಂದೂವರೆ ಪಾಲಿಗೆ ಇಳಿಯುತ್ತದೆ. ಬೀದಿಯಲ್ಲಿ ಎತ್ತಿನ ಗಾಡಿ ಹೋದರೆ ಯಾವ ಮನೆ ಮುಂದೆ ಮೊದಲು ಹಾದುಹೋಯಿತು ಅಂತ ಹೇಳಬಹುದು. ರೈಲು ಹೋದರೆ ಎಲ್ಲ ಮನೆಯ ಕಿಟಕಿಯೂ ಒಟ್ಟಿಗೇ ಅದುರುತ್ತವೆ. ಸಾಲದ್ದಕ್ಕೆ, ಗಾಳಿಯಲ್ಲಿ ನಮ್ಮ ತಲೆ ಸದ್ದಿಗೆ ಅಡ್ಡಗೋಡೆ. ನೀರಲ್ಲಿ ಅದೇ ತಲೆ ಸೊಳ್ಳೆ ಪರದೆ ಇದ್ದ ಹಾಗೆ. ಸದ್ದು ಬುರುಡೆ ಮೂಳೆಯನ್ನೇ ಅದುರಿಸುತ್ತಾ ಎರಡೂ ಕಿವಿಗೆ ಒಟ್ಟಿಗೆ ನುಗ್ಗುತ್ತದೆ. ಡೈವರ್ ತನ್ನ ಬೆನ್ನಿನ ಸಿಲಿಂಡರ್ ಮೇಲೆ ಟಣ್ ಟಣ್ ಬಡಿದರೆ ಜೊತೆಯವರೆಲ್ಲ ಸುತ್ತ ಹುಡುಕುವುದು ಇದಕ್ಕೇ.

ಹಾಗಾದರೆ ಕೂಗಿದರೆ? ಕೂಗು ಹುಟ್ಟುವುದು ಗಂಟಲಿನ ಗಾಳಿಯಲ್ಲಿ. ಗಾಳಿ ಹಗುರ, ನೀರು ಅದರ ಸುಮಾರು 800 ಪಟ್ಟು ಭಾರ. ಬಲೂನಿನಿಂದ ಒರಳುಕಲ್ಲು ತಳ್ಳಿದ ಹಾಗೆ. ಗಾಳಿಯ ಸದ್ದು ನೀರಿನ ಗಡಿಗೆ ಬಡಿದರೆ ಸಾವಿರ ಪಾಲಿನಲ್ಲಿ ಒಂದೇ ಪಾಲು ಒಳಗೆ ಹೋಗುತ್ತದೆ. ಅಜ್ಜಿ ಬಾವಿಕಟ್ಟೆ ಮೇಲಿಂದ ‘ಮುದ್ದೆ ಆರ್ತದೆ, ಬನ್ರೋ’ ಅಂತ ಕೂಗುತ್ತಿದ್ದದ್ದು ಮುಳುಗಿದ್ದ ನಮಗೆ ಕೇಳುತ್ತಲೇ ಇರಲಿಲ್ಲ. ಕಲ್ಲು ನೀರೊಳಗೇ ಸದ್ದು ಮಾಡುತ್ತಿತ್ತು, ಅದಕ್ಕೆ ಕೇಳುತ್ತಿತ್ತು. ‘ನೀರೊಳಗೆ ಸದ್ದು ಹೋಗಲ್ಲ’ ಅನ್ನುವ ತಪ್ಪು ಹುಟ್ಟಿದ್ದೂ ಇಲ್ಲೇ ಇರಬೇಕು.

ಜೊತೆಗೆ ಡೈವರ್ ಬಾಯಲ್ಲಿ ಉಸಿರಾಟದ ನಳಿಕೆ ಇರುತ್ತದೆ, ಹಲ್ಲಲ್ಲಿ ಕಚ್ಚಿ ಹಿಡಿದಿರಬೇಕು. ಎರಡು ಬೆರಳನ್ನು ತುಟಿಗಳ ನಡುವೆ ಇಟ್ಟುಕೊಂಡು ‘ಅಮ್ಮ’ ಅನ್ನಿ ನೋಡೋಣ. ಬರುವುದಿಲ್ಲ. ಪ ಫ ಬ ಭ ಮ, ಐದೂ ಅಕ್ಷರ ಹೋದವು. ಮುಖ ಪೂರ್ತಿ ಮುಚ್ಚುವ ಮುಖವಾಡಕ್ಕೆ ಮಾತಿನ ಯಂತ್ರ ಜೋಡಿಸುವುದುಂಟು. ಅದು ದುಬಾರಿ, ಹೆಚ್ಚಾಗಿ ವೃತ್ತಿಯವರಿಗೆ.

ಉಳಿದದ್ದು ಕೈ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನಾನು ಮೊದಲ ಸಲ ಮುಳುಗಿದಾಗ, ಕರೆದೊಯ್ದವರು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದರು. ‘ಸರಿ ಇದ್ದೀರಾ?’ ಅಂತ. ನಾನು ಖುಷಿಯಲ್ಲಿ ಹೆಬ್ಬೆರಳು ಎತ್ತಿದೆ. ಅವರು ತಕ್ಷಣ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೊರಟರು! ನೀರಲ್ಲಿ ಎತ್ತಿದ ಹೆಬ್ಬೆರಳಿಗೆ ‘ಮೇಲೆ ಹೋಗೋಣ’ ಅಂತಲೇ ಅರ್ಥ. ಯಾರೇ ತೋರಿಸಲಿ, ಯಾಕೆ ಅಂತ ಕೇಳದೆ ಏರಬೇಕು. ‘ಸರಿ’ ಅನ್ನುವ ಉತ್ತರಕ್ಕೂ ಉಂಗುರವೇ. ಅಂಗೈ ಕೆಳಗೆ ಮಾಡಿ ಆಚೀಚೆ ಅಲುಗಿಸಿದರೆ ದಡದ ಮೇಲೆ ‘ಸುಮಾರು, ಪರವಾಗಿಲ್ಲ’. ನೀರೊಳಗೆ ‘ಏನೋ ತೊಂದರೆ’. ಆಮೇಲೆ ಕಿವಿ ಮುಟ್ಟಿದರೆ ತೊಂದರೆ ಕಿವಿಯದ್ದು. ಮುಷ್ಟಿ ಎದೆಗೆ ಇಟ್ಟರೆ ಗಾಳಿ ಕಡಿಮೆಯಾಗಿದೆ. ಕತ್ತಿನ ಅಡ್ಡಕ್ಕೆ ಕೈ ಎಳೆದರೆ ಗಾಳಿ ಮುಗಿದೇ ಹೋಗಿದೆ. ಮಂಕು ಬೆಳಕಲ್ಲೂ ಒಂದು ಇನ್ನೊಂದರಂತೆ ಕಾಣಬಾರದು.

ಆದರೆ ಇದನ್ನು ‘ಸನ್ನೆ ಭಾಷೆ’ ಅಂತ ಕರೆದರೆ ನನಗೆ ತಡೆಯಲಾಗುವುದಿಲ್ಲ. ನಮ್ಮ ಆವಣಿಯ ದನದ ಜಾತ್ರೆ ನೆನಪು ಮಾಡಿಕೊಳ್ಳಿ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಾರೆ. ಬೆರಳಲ್ಲಿ ರೇಟು ಹೇಳಬಹುದು. ‘ಹೋದ ವರ್ಷ ಈ ಎತ್ತಿಗೆ ಕಾಲು ನೋವಾಗಿತ್ತು’ ಅಂತ ಹೇಳಲಾಗದು. ಡೈವರ್‌ಗಳ ಸನ್ನೆಯೂ ಇಂಥದ್ದೇ ಒಂದು ಒಪ್ಪಂದ. ಕಿವುಡರ ಸನ್ನೆ ಭಾಷೆಗೆ ವ್ಯಾಕರಣ ಇದೆ. ಅದು ಕನ್ನಡದಷ್ಟೇ ಪೂರ್ತಿಯಾದ ಭಾಷೆ. ವಿಲಿಯಂ ಸ್ಟೋಕೋ ಎಂಬ ಭಾಷಾ ವಿದ್ವಾಂಸರು ಅಮೆರಿಕದ ಸನ್ನೆ ಭಾಷೆಯ ಬಗ್ಗೆ ಇದನ್ನು 1960ರಲ್ಲೇ ತೋರಿಸಿಕೊಟ್ಟರು. ಲೋಕಕ್ಕೆಲ್ಲ ಒಂದೇ ಸನ್ನೆ ಭಾಷೆ ಅನ್ನುವುದೂ ಸುಳ್ಳು. ಇಂಗ್ಲಿಷ್ ಮಾತಾಡುವ ಬ್ರಿಟನ್ ಮತ್ತು ಅಮೆರಿಕದ ಸನ್ನೆ ಭಾಷೆಗಳೇ ಬೇರೆ ಬೇರೆ. ಭಾರತೀಯ ಸನ್ನೆ ಭಾಷೆಗೆ 2015ರಲ್ಲಿ ದೆಹಲಿಯಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. 2021ರ ಹೊತ್ತಿಗೆ ಅದರ ನಿಘಂಟಿನಲ್ಲಿ 10,000 ಪದಗಳಿದ್ದವು.

ಈಗ ನೇತ್ರಾಣಿಯ ಹತ್ತು ಮೀಟರ್ ಆಳದಲ್ಲಿ ಈ ಭಾಷೆ ಬಲ್ಲ ಇಬ್ಬರು ಇದ್ದಾರೆ ಅಂದುಕೊಳ್ಳಿ. ಆ ಮೀನು ಹೋದ ಸಲ ಕಂಡದ್ದಕ್ಕಿಂತ ದೊಡ್ಡದು, ನಿನ್ನ ಹಿಂದಿನ ಬಂಡೆ ಸಂದಿಯಲ್ಲಿ ಇನ್ನೂ ಎರಡಿವೆ, ಸಂಜೆ ಊಟಕ್ಕೆ ಎಲ್ಲಿಗೆ ಹೋಗೋಣ, ಎಲ್ಲ ಅಲ್ಲೇ ಮಾತಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಈಜುವ ಕಿವಿ ಕೇಳುವವರು ಅದನ್ನೇ ಹೇಳಬೇಕಾದರೆ ದೋಣಿ ಹತ್ತಿ, ಬಾಯಿಂದ ನಳಿಕೆ ತೆಗೆಯುವವರೆಗೂ ಕಾಯಬೇಕು.