ಯಾವ ವೆಲ್ಲೆಸ್ಲಿ? ಆರ್ಥರ್ ವೆಲ್ಲೆಸ್ಲಿಯ ಬದುಕು ಮತ್ತು ಮನೆತನ: ಅಧ್ಯಯನ ಟಿಪ್ಪಣಿ

ನಮ್ಮ ಇತಿಹಾಸ ಪಠ್ಯದಲ್ಲಿ ಬಹಳ ಮಂದಿ ಎಡವುವ ಜಾಗದಿಂದಲೇ ಆರಂಭಿಸುತ್ತೇನೆ. ಸಹಾಯಕ ಸೈನ್ಯ ಪದ್ಧತಿಯನ್ನು ಜಾರಿಗೆ ತಂದ ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿ ಬೇರೆ, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡ ಕರ್ನಲ್ ವೆಲ್ಲೆಸ್ಲಿ ಬೇರೆ. ಮೊದಲನೆಯವನು ಅಣ್ಣ ರಿಚರ್ಡ್. ಎರಡನೆಯವನು ಅವನಿಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಆರ್ಥರ್, ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ನಿನ ಡ್ಯೂಕ್ ಎಂದು ಹೆಸರಾದವನು. ಆರ್ಥರ್‌ನನ್ನು ಒಂಟಿ ವೀರನೆಂದು ಓದಿದರೆ ಅವನ ಏಳಿಗೆ ಅರ್ಥವಾಗುವುದಿಲ್ಲ, ಅವನನ್ನು ಒಂದು ಮನೆತನದ ಹುಡುಗನೆಂದೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ವರ್ಗದ ಪರಿಚಯ. ಆಂಗ್ಲೋ-ಐರಿಷ್ ಶ್ರೀಮಂತರೆಂದರೆ ಐರ್ಲೆಂಡಿನಲ್ಲಿ ಜಮೀನು ಹೊಂದಿದ್ದ, ಇಂಗ್ಲೆಂಡಿನ ಮೂಲವನ್ನು ಹೇಳಿಕೊಳ್ಳುತ್ತಿದ್ದ ಪ್ರಾಟೆಸ್ಟಂಟ್ ಕುಟುಂಬಗಳವರು. ದೇಶದ ಬಹುಸಂಖ್ಯಾತರಾದ ಕ್ಯಾಥೊಲಿಕರಿಗೆ ಡಬ್ಲಿನ್ನಿನ ಸಂಸತ್ತಿನಲ್ಲಿ ಕೂರುವ ಹಕ್ಕೇ ಇರಲಿಲ್ಲವಾದ್ದರಿಂದ ಅಧಿಕಾರವೆಲ್ಲ ಈ ಕೆಲವೇ ಕುಟುಂಬಗಳ ಕೈಯಲ್ಲಿತ್ತು. ಆದರೆ ಲಂಡನ್ನಿನಲ್ಲಿ ಅವರಿಗೆ ಎರಡನೆಯ ಸಾಲು: ಐರಿಷ್ ಬಿರುದುಳ್ಳವನಿಗೆ ಅಲ್ಲಿನ ಲಾರ್ಡ್‌ಗಳ ಸಭೆಯಲ್ಲಿ ತಾನಾಗಿ ಸ್ಥಾನ ದೊರೆಯುತ್ತಿರಲಿಲ್ಲ. ಮೈಸೂರಿನ ಗೆಲುವಿಗಾಗಿ ಐರಿಷ್ ಮಾರ್ಕ್ವಿಸ್ ಬಿರುದು ಬಂದಾಗ ರಿಚರ್ಡ್ ಅದನ್ನು ಎರಡು ಸಲ ಗಿಲೀಟು ಮಾಡಿದ ಆಲೂಗಡ್ಡೆ ಎಂದು ಜರೆದದ್ದು ಈ ಕಾರಣಕ್ಕೇ.

ಕುಟುಂಬದ ಮೂಲ ಹೆಸರು ಕಾಲಿ. 1728ರಲ್ಲಿ ಆರ್ಥರ್‌ನ ತಾತ ರಿಚರ್ಡ್ ಕಾಲಿಗೆ ವೆಸ್ಲಿ ಹೆಸರಿನ ಬಂಧುವೊಬ್ಬನ ಆಸ್ತಿ ಬಂದಿತು. ಆಸ್ತಿಯೊಂದಿಗೆ ಅವನ ಮನೆಹೆಸರನ್ನೂ ತಾತ ಇಟ್ಟುಕೊಂಡನು. ಅದನ್ನು ವೆಲ್ಲೆಸ್ಲಿ ಎಂದು ಹಿಗ್ಗಿಸಿದ್ದು ಮೊಮ್ಮಕ್ಕಳ ಕಾಲದಲ್ಲಿ. ತಂದೆ ಗ್ಯಾರೆಟ್, ಮಾರ್ನಿಂಗ್ಟನ್ನಿನ ಮೊದಲ ಅರ್ಲ್, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕನಾಗಿದ್ದನು. 1781ರಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಸಂಗೀತಕ್ಕಿಂತ ಹೆಚ್ಚಾಗಿ ಸಾಲವನ್ನು. ಬಿರುದು, ಜಮೀನು, ಸಾಲ ಮೂರೂ ಹಿರಿಯ ಮಗ ರಿಚರ್ಡ್‌ನ ಹೆಗಲಿಗೆ ಬಿದ್ದವು. ಹಿರಿಯನಿಗೇ ಆಸ್ತಿ ಎಂಬ ಆ ಪದ್ಧತಿಯಲ್ಲಿ ಉಳಿದ ಗಂಡುಮಕ್ಕಳು ಸೈನ್ಯವನ್ನೋ ಚರ್ಚನ್ನೋ ಸರ್ಕಾರಿ ಹುದ್ದೆಯನ್ನೋ ನೆಚ್ಚಬೇಕಿತ್ತು. ಇಲ್ಲಿಯೂ ಹಾಗೆಯೇ ಆಯಿತು: ವಿಲಿಯಂ ರಾಜಕೀಯಕ್ಕಿಳಿದು ಮುಂದೆ ಟಂಕಸಾಲೆಯ ಮುಖ್ಯಸ್ಥನಾದನು, ಜೆರಾಲ್ಡ್ ಪಾದ್ರಿಯಾದನು, ಕಿರಿಯ ಹೆನ್ರಿ ರಾಯಭಾರಿಯಾದನು.

1769ರಲ್ಲಿ ಹುಟ್ಟಿದ ಆರ್ಥರ್ ಮಾತ್ರ ಯಾವುದಕ್ಕೂ ಬಾರದ ಹುಡುಗನೆಂದು ಮನೆಯವರು ಚಿಂತಿಸುತ್ತಿದ್ದರು. ಈಟನ್ ಶಾಲೆಯಲ್ಲಿ ಮೂರು ವರ್ಷ ಕಳೆದರೂ ಓದು ಹತ್ತಲಿಲ್ಲ. ತಂದೆಯಿಂದ ಬಂದ ಪಿಟೀಲೊಂದೇ ಅವನಿಗೆ ಒಲಿದ ವಿದ್ಯೆ. ಫ್ರಾನ್ಸಿನ ಆಂಜೆಯಲ್ಲಿ ಕುದುರೆ ಸವಾರಿ ಕಲಿತು ಬಂದ ಮೇಲೆ 1787ರಲ್ಲಿ ಸೈನ್ಯ ಸೇರಿದನು. ಆಗ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಯುದ್ಧಭೂಮಿಯನ್ನೇ ಕಾಣದ ಆರ್ಥರ್ ಆರೇ ವರ್ಷಗಳಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದದ್ದು ಅಣ್ಣ ಕೊಟ್ಟ ಹಣದಿಂದ. ಅಷ್ಟರಲ್ಲಿ ಮನೆತನದ ಹಿಡಿತದಲ್ಲಿದ್ದ ಟ್ರಿಮ್ ಕ್ಷೇತ್ರದಿಂದ ಐರಿಷ್ ಸಂಸತ್ತನ್ನೂ ಪ್ರವೇಶಿಸಿದ್ದನು. ಆದರೂ ಲಾಂಗ್‌ಫರ್ಡ್ ಮನೆತನದ ಕಿಟ್ಟಿ ಪ್ಯಾಕೆನ್‌ಹ್ಯಾಮಳನ್ನು ಕೇಳಿದಾಗ, ಗತಿಯಿಲ್ಲದ ಕಿರಿಯ ಮಗನಿಗೆ ಹೆಣ್ಣು ಕೊಡುವುದಿಲ್ಲವೆಂದು 1793ರಲ್ಲಿ ಅವಳ ಕಡೆಯವರು ನಿರಾಕರಿಸಿದರು. ಅವಮಾನಗೊಂಡ ಆರ್ಥರ್ ಪಿಟೀಲುಗಳನ್ನು ಬೆಂಕಿಗೆ ಹಾಕಿದನು.

1797ರಲ್ಲಿ ಅವನು ಕಲ್ಕತ್ತೆಗೆ ಬಂದಿಳಿದನು. ಮರುವರ್ಷ ಗವರ್ನರ್ ಜನರಲ್ ಆಗಿ ಬಂದವನು ಅಣ್ಣನೇ. ಆರ್ಥರ್‌ನ ಶ್ರೀರಂಗಪಟ್ಟಣದ ಅನುಭವ ಸೋಲಿನಿಂದ ಆರಂಭವಾಯಿತೆಂಬುದನ್ನು ಗಮನಿಸಬೇಕು. 1799ರ ಏಪ್ರಿಲ್ 5ರ ರಾತ್ರಿ, ಹಗಲಿನಲ್ಲಿ ಒಮ್ಮೆಯೂ ಸರಿಯಾಗಿ ನೋಡಿರದ ಸುಲ್ತಾನ್‌ಪೇಟೆಯ ತೋಪಿನೊಳಗೆ ಅವನು ಪಡೆಯನ್ನು ನುಗ್ಗಿಸಿದನು. ಒಳಗೆ ಗಾಢವಾದ ಕತ್ತಲು, ಕಾಲಿಟ್ಟಲ್ಲೆಲ್ಲ ನೀರುಗಾಲುವೆಗಳು, ಎದುರಿನಿಂದ ಟಿಪ್ಪುವಿನ ಸೈನಿಕರ ಗುಂಡು ಮತ್ತು ಬಾಣಬಿರುಸುಗಳು. ದಳ ಚೆಲ್ಲಾಪಿಲ್ಲಿಯಾಗಿ ಹನ್ನೆರಡು ಮಂದಿ ಸೆರೆಸಿಕ್ಕಿದರು, ಕರ್ನಲ್‌ನ ಮಂಡಿಗೂ ಗುಂಡು ತಾಗಿತು. ಮರುದಿನ ಬೆಳಕಿನಲ್ಲಿ ತೋಪು ವಶವಾಯಿತಾದರೂ, ಮೊದಲೇ ನೋಡಿಕೊಳ್ಳದ ನೆಲೆಯ ಮೇಲೆ ಇನ್ನು ರಾತ್ರಿ ದಾಳಿ ಮಾಡುವುದಿಲ್ಲವೆಂದು ಅವನು ನಿಶ್ಚಯಿಸಿದನು.

ಮೇ 4ರ ಕೊನೆಯ ದಾಳಿಯನ್ನು ನಡೆಸಿದವನು ಡೇವಿಡ್ ಬೇರ್ಡ್, ಹಿಂದೆ ಅದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಆದರೆ ಮರುದಿನ ಪಟ್ಟಣದ ಆಡಳಿತ ಸಿಕ್ಕಿದ್ದು ಮೀಸಲು ಪಡೆಯ ಜೊತೆಗಿದ್ದ ಆರ್ಥರ್‌ಗೆ. ಬೇರ್ಡ್‌ನ ಅಸಮಾಧಾನ ನ್ಯಾಯವಾದದ್ದೇ. ಗವರ್ನರ್ ಜನರಲ್‌ನ ತಮ್ಮನೆಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಮೈಸೂರು ಆಯೋಗದಲ್ಲಿ ಆರ್ಥರ್ ಮತ್ತು ಹೆನ್ರಿ ಇಬ್ಬರೂ ಸದಸ್ಯರಾಗಿದ್ದರೆಂಬುದನ್ನು ಸೇರಿಸಿಕೊಂಡರೆ, ಮೈಸೂರಿನ ವ್ಯವಸ್ಥೆ ಅರ್ಧದಷ್ಟು ಮನೆವಾರ್ತೆಯೇ ಆಗಿತ್ತೆನ್ನಬಹುದು. ಆದರೆ ಅಲ್ಲಿಂದ ಮುಂದಿನದು ಅವನ ಸ್ವಂತ ದುಡಿಮೆ. ದರಿಯಾ ದೌಲತ್ತಿನಲ್ಲಿ ಬಿಡಾರ ಹೂಡಿ, ದಂಡಿಗೆ ಬೇಕಾದ ಎತ್ತು, ಅಕ್ಕಿ, ಬಂಜಾರರ ಸಾಗಾಟದ ಲೆಕ್ಕವನ್ನು ಕರಗತ ಮಾಡಿಕೊಂಡನು. ಟಿಪ್ಪುವಿನ ಸೆರೆಯಿಂದ ಹೊರಬಂದು ದಂಡು ಕಟ್ಟಿದ್ದ ಧೋಂಡಿಯಾ ವಾಘ್‌ನನ್ನು 1800ರ ಸೆಪ್ಟೆಂಬರ್ 10ರಂದು ಕೊಂದ ಮೇಲೆ, ಸರಂಜಾಮಿನ ನಡುವೆ ಸಿಕ್ಕಿದ ಅವನ ಎಳೆಯ ಮಗ ಸಲಾಬತ್ ಖಾನನನ್ನು ತಾನೇ ಸಾಕಿ, ಭಾರತ ಬಿಡುವಾಗ ಅವನ ಪಾಲನೆಗೆ ಹಣವನ್ನೂ ಇಟ್ಟು ಹೋದನು.

1803ರಲ್ಲಿ ಮರಾಠರ ವಿರುದ್ಧ ನಡೆದ ಅಸ್ಸಾಯೆ ಕದನದ ಗೆಲುವಿನ ಕೀರ್ತಿಯೊಂದಿಗೆ, 1805ರಲ್ಲಿ ಹಿಂದಿರುಗಿದ ಆರ್ಥರ್ ಈಗ ಬೇಡವೆನಿಸಿಕೊಳ್ಳುವ ವರನಾಗಿರಲಿಲ್ಲ. 1806ರ ಏಪ್ರಿಲ್ 10ರಂದು ಡಬ್ಲಿನ್ನಿನಲ್ಲಿ ಕಿಟ್ಟಿಯೊಂದಿಗೆ ಮದುವೆಯಾಯಿತು, ಮಾಡಿಸಿದ ಪಾದ್ರಿ ತಮ್ಮ ಜೆರಾಲ್ಡ್. ಹನ್ನೊಂದು ವರ್ಷ ಮುಖವನ್ನೇ ನೋಡದೆ, ಕೊಟ್ಟ ಮಾತಿಗೆಂದು ಆದ ಈ ಮದುವೆ ಸುಖದ್ದಾಗಲಿಲ್ಲ. ಇಬ್ಬರು ಗಂಡುಮಕ್ಕಳು ಹುಟ್ಟಿದರು. ಗಂಡ ಸ್ಪೇನ್, ಪೋರ್ಚುಗಲ್‌ಗಳ ಯುದ್ಧಕ್ಕೆ ಹೋದರೆ ವರ್ಷಗಟ್ಟಲೆ ಮರಳುತ್ತಿರಲಿಲ್ಲ. 1831ರಲ್ಲಿ ಸಾಯುವ ಮುನ್ನ ಕಿಟ್ಟಿ ಅವನ ತೋಳಿನೊಳಗೆ ಬೆರಳಾಡಿಸಿ, ಎಂದೋ ತಾನು ಕಟ್ಟಿದ್ದ ತಾಯಿತ ಇದೆಯೇ ಎಂದು ಹುಡುಕಿದಳಂತೆ. ಇತ್ತು.

ಮನೆತನದ ಜಗಳಗಳು ಯುದ್ಧರಂಗಕ್ಕೂ ಬಂದವು. ಹೆನ್ರಿಯ ಹೆಂಡತಿ ಷಾರ್ಲಟ್ 1809ರಲ್ಲಿ ಲಾರ್ಡ್ ಪ್ಯಾಜೆಟ್‌ನೊಂದಿಗೆ ಓಡಿಹೋದಳು. 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ಆರ್ಥರ್‌ನ ಅಶ್ವದಳವನ್ನು ನಡೆಸಿ ಒಂದು ಕಾಲನ್ನು ಕಳೆದುಕೊಂಡವನು ಇದೇ ಪ್ಯಾಜೆಟ್.

ಪರೀಕ್ಷೆಗೆ ಓದುವವರಿಗೆ ಒಂದು ಎಚ್ಚರಿಕೆ: ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಕುದುರೆಯಾಗುವುದಿಲ್ಲ ಎಂದು ಆರ್ಥರ್ ತನ್ನ ಐರಿಷ್ ಹುಟ್ಟನ್ನು ಹೀಗಳೆದನೆಂದು ಎಲ್ಲೆಡೆ ಬರೆಯುತ್ತಾರೆ. ಅದು ಅವನನ್ನು ಕುರಿತು ಐರಿಷ್ ನಾಯಕ ಡೇನಿಯಲ್ ಓಕಾನಲ್ ಆಡಿದ ಮಾತು. ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದ 1829ರ ಕಾಯ್ದೆ ಬಂದದ್ದು ಪ್ರಧಾನಿ ವೆಲಿಂಗ್ಟನ್ನಿನ ಕಾಲದಲ್ಲೇ. ಅದಕ್ಕಾಗಿ ಆತ ಲಾರ್ಡ್ ವಿಂಚಿಲ್ಸಿಯೊಂದಿಗೆ ಪಿಸ್ತೂಲಿನ ದ್ವಂದ್ವಕ್ಕೂ ಇಳಿದನು.

1852ರ ಸೆಪ್ಟೆಂಬರ್ 14ರಂದು ವೆಲಿಂಗ್ಟನ್ ತೀರಿಕೊಂಡನು. ಡ್ಯೂಕ್ ಪದವಿ ಪಡೆದ ಹಿರಿಯ ಮಗನಿಗೆ ಮಕ್ಕಳಿಲ್ಲದ್ದರಿಂದ ಅದು ಕಿರಿಯ ಮಗ ಚಾರ್ಲ್ಸ್‌ನ ಸಂತತಿಗೆ ಹೋಯಿತು. ರಿಚರ್ಡ್‌ನ ಮಾರ್ಕ್ವಿಸ್ ಬಿರುದು 1842ರಲ್ಲಿ ಅವನೊಂದಿಗೇ ಮುಗಿಯಿತು. ಆದರೆ ಮದುವೆಗೆ ಮುನ್ನವೇ ಅವನಿಗೆ ಹುಟ್ಟಿದ್ದ ಮಗಳು ಆ್ಯನ್‌ಳ ವಂಶದಲ್ಲಿ ಮುಂದೆ ರಾಣಿ ಎರಡನೇ ಎಲಿಜಬೆತ್ ಹುಟ್ಟಿದಳು.