ಊದಿದಾಗ ಸೊನ್ನೆ ಬಂದರೆ ಕೇಸಿಲ್ಲವೇ?

ಪ್ರಶ್ನೆ: ಗಾಂಜಾ ಸೇದಿ ಬೈಕ್ ಓಡಿಸಿದವನನ್ನು ಕೇರಳ ಗಡಿಯ ತಲಪಾಡಿಯಲ್ಲಿ ನಿಲ್ಲಿಸಿ ಊದಿಸಿದರೆ ಸೊನ್ನೆಯೇ ಅಲ್ಲವೇ ಬರುವುದು? ಮತ್ತೆ ಕೇಸ್ ಹೇಗೆ?

ಉತ್ತರ: ಸೊನ್ನೆಯೇ ಬರುತ್ತದೆ. ಕೇಸೂ ಬೀಳುತ್ತದೆ. ಎಷ್ಟು ಸಲ ಬರೆದರೂ ಕುಂಬಳೆಯಿಂದ ಹೊಸಂಗಡಿವರೆಗೆ "ಮೆಷಿನಿಗೆ ಸಿಗದ್ದು ಕಾನೂನಿಗೂ ಸಿಗದು" ಎಂಬ ಮಾತು ಮಾತ್ರ ನಿಂತಿಲ್ಲ.

ಊದುವ ಮೆಷಿನ್ ಅಳೆಯುವುದು ಮದ್ಯವನ್ನು ಮಾತ್ರ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ ಎರಡು ಭಾಗಗಳಿವೆ. ಜನ ಮೊದಲನೆಯದನ್ನಷ್ಟೇ ಓದುತ್ತಾರೆ. ಅದು ಮದ್ಯಕ್ಕೆ: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಎರಡನೆಯದು ಉಳಿದ ಅಮಲಿಗೆ. ಅಲ್ಲಿ ಮಿಲಿಗ್ರಾಂ ಲೆಕ್ಕವೇ ಇಲ್ಲ. ಗಾಡಿಯನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಅಮಲಿತ್ತೇ ಎಂಬುದೊಂದೇ ಪ್ರಶ್ನೆ. ಅಂಕಿ ಇಲ್ಲದಿರುವುದು ವಿನಾಯಿತಿಯಲ್ಲ ಮಾರಾಯರೇ, ಅದು ಬೇರೆಯೇ ಅಳತೆ.

ಅಳೆಯುವವರು ವೈದ್ಯರು. 185ರಲ್ಲಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಡಬೇಕು. ಕಣ್ಣಿನ ಕೆಂಪು, ಪಾಪೆ, ಮಾತಿನ ತೊದಲು, ನಡಿಗೆ, ಕಣ್ಣು ಮುಚ್ಚಿ ನಿಂತರೆ ವಾಲುತ್ತಾನೆಯೇ, ಬೆರಳು ಮೂಗಿನ ತುದಿಗೆ ಸರಿಯಾಗಿ ಮುಟ್ಟುತ್ತದೆಯೇ ಎಂಬುದೆಲ್ಲ ಬರವಣಿಗೆಗೆ ಇಳಿಯುತ್ತದೆ. ರಕ್ತವನ್ನೂ ತೆಗೆಯಬಹುದು. ಕಾರಣವಿಲ್ಲದೆ ಕೊಡಲೊಪ್ಪದಿದ್ದರೆ 205ನೇ ಸೆಕ್ಷನ್ ಪ್ರಕಾರ ಆ ನಿರಾಕರಣೆಯೇ ನಿಮ್ಮ ವಿರುದ್ಧ ನಿಲ್ಲಬಹುದು.

ಮೂತ್ರ ಪರೀಕ್ಷೆಯ ಬಗ್ಗೆ ಒಂದು ಮಾತು ಒಪ್ಪಬೇಕು. ದಿನವೂ ಸೇದುವವರ ಮೂತ್ರದಲ್ಲಿ ಗಾಂಜಾದ ಕುರುಹು ವಾರಗಟ್ಟಲೆ ಉಳಿಯುತ್ತದೆ. ಆ ಹೊತ್ತಿಗೆ ಅಮಲು ಇತ್ತೆಂದು ಅದೊಂದೇ ಸಾಬೀತು ಮಾಡದು. ವಕೀಲರು ಹಿಡಿಯುವ ಎಳೆ ಇದೇ. ಆದರೆ 185 ಬಿದ್ದುಹೋದರೂ ಸೇವನೆಯ ಕೇಸ್ ಬೇರೆ ಇರುತ್ತದೆ: ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್‌ನ 27ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

185ರ ಶಿಕ್ಷೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಎರಡು ವರ್ಷದವರೆಗೆ, ದಂಡ 15,000. ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಪಟ್ಟಿಯಲ್ಲಿ ಇದಿಲ್ಲ, ಕೋರ್ಟಿಗೇ ಹೋಗಬೇಕು. "ನನ್ನದು ಕರ್ನಾಟಕದ ಲೈಸೆನ್ಸ್, ಕೇರಳದವರು ಏನು ಮಾಡಿಯಾರು" ಎನ್ನುವವರಿಗೆ: ಕಾಯ್ದೆ ಕೇಂದ್ರದ್ದು. ಪೊಲೀಸರು ಲೈಸೆನ್ಸ್ ವಶಪಡಿಸಿ, ಅಮಾನತಿಗಾಗಿ ಸಾರಿಗೆ ಅಧಿಕಾರಿಗೆ ಕಳುಹಿಸುತ್ತಾರೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಬೈಕ್ ಭಾವನದ್ದಾದರೆ? ಸೀಟಿನಡಿಯಲ್ಲಿ ಗಾಂಜಾ ಪೊಟ್ಟಣ ಸಿಕ್ಕಿದರೆ ಗಾಡಿಯೂ ಮುಟ್ಟುಗೋಲಾಗಬಹುದು. ತನಗೆ ಗೊತ್ತಿರಲಿಲ್ಲ, ಎಚ್ಚರಿಕೆ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊರೆ ಭಾವನದೇ. ಒಂದು ಕಿಲೋಗಿಂತ ಕಡಿಮೆ ಎಂಬುದು ಪರವಾನಗಿಯಲ್ಲ, ಶಿಕ್ಷೆ ಕಡಿಮೆ ಎಂದಷ್ಟೇ: ಒಂದು ವರ್ಷದವರೆಗೆ. ಅಮಲಿನಲ್ಲಿ ಬೈಕ್ ಗುದ್ದಿದ್ದರೆ ಅದರ ರಿಪೇರಿಗೆ ವಿಮೆಯೂ ಸಿಗದು. ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಮದ್ಯದ ಪಕ್ಕದಲ್ಲೇ ಮಾದಕ ವಸ್ತುವೂ ಇರುತ್ತದೆ.