ಕರೆಯೊಳಗಿನ ಲೆಕ್ಕ

ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಅಮಾವಾಸ್ಯೆಯ ರಾತ್ರಿ ತತ್ವಪದಗಳ ಭಜನೆ ನಡೆಯುತ್ತದೆ. ದುಡಿಯಲು ಪುಣೆಗೆ ಹೋಗಿರುವ ಸೋದರಮಾವನಿಗೆ ಅದನ್ನು ಕೇಳಿಸಬೇಕೆಂದು ಒಮ್ಮೆ ನಾನು ಕರೆ ಮಾಡಿ, ಮೊಬೈಲನ್ನು ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಹಿಡಿದು ಕುಳಿತೆ. ಹತ್ತು ನಿಮಿಷ ಕೇಳಿದ ಮೇಲೆ ಅವರು, "ಹಾಡವ್ರ ದನಿ ಛಲೋ ಕೇಳ್ತದ, ಪೆಟಗಿ ಮಾತ್ರ ನೀರಾಗ ಮುಳುಗಿದಂಗ ಅದ, ಏಕತಾರಿ ಅಂತೂ ಇಲ್ಲೇ ಇಲ್ಲ" ಎಂದರು. ಸಿಗ್ನಲ್ ಸರಿಯಿಲ್ಲವೆಂದು ಅಲ್ಲಿದ್ದವರೆಲ್ಲ ತೀರ್ಮಾನಿಸಿದರು. ಸಿಗ್ನಲ್ ಪೂರ್ತಿಯಾಗಿಯೇ ಇತ್ತು.

ಸ್ಮಾರ್ಟ್‌ಫೋನನ್ನು ಮೊದಲು ಫೋನ್ ಎಂದು ಅಳೆಯಬೇಕೋ ಕಂಪ್ಯೂಟರ್ ಎಂದು ಅಳೆಯಬೇಕೋ ಎಂದು ಕೇಳಿದರೆ, ಕರೆ ಮಾಡುವಾಗ ಅದು ಫೋನ್, ಉಳಿದ ಹೊತ್ತಿನಲ್ಲಿ ಕಂಪ್ಯೂಟರ್ ಎಂಬ ಉತ್ತರ ಬರುತ್ತದೆ. ಈ ಹಂಚಿಕೆ ನ್ಯಾಯವಾಗಿ ಕಂಡರೂ ತಪ್ಪು. ಮಾವನಿಗೆ ಏಕತಾರಿ ಕೇಳಿಸದೆ ಹೋದದ್ದು, ಕರೆಯ ಹೊತ್ತಿನಲ್ಲಿಯೂ ಆ ಯಂತ್ರ ಲೆಕ್ಕ ಮಾಡುತ್ತಿದ್ದುದರಿಂದಲೇ.

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದ ದೂರವಾಣಿಯಲ್ಲಿ ಲೆಕ್ಕವೇ ಇರಲಿಲ್ಲ. ದನಿಗೆ ಒಂದು ತೆಳು ಪರದೆ ನಡುಗಿತು, ತಂತಿಯಲ್ಲಿ ಕರೆಂಟು ಅದೇ ಲಯದಲ್ಲಿ ಏರಿಳಿಯಿತು, ಆಚೆಯ ಪರದೆಯೂ ಹಾಗೆಯೇ ನಡುಗಿತು, ಅಷ್ಟೇ. ಮೊಬೈಲ್ ಮಾಡುವುದು ಬೇರೆ ಕೆಲಸ. ಸಾಮಾನ್ಯ ಗುಣಮಟ್ಟದ ಕರೆಯಲ್ಲಿ ಅದು ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಸಂಖ್ಯೆಗಳಾಗಿಸಿ, 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ. ಒಂದು ತುಣುಕಿನಲ್ಲಿ 160 ಅಳತೆಗಳು. ಪ್ರತಿ ಅಳತೆಗೆ 8 ಬಿಟ್‌ನಂತೆ (ಒಂದು ಬಿಟ್ ಎಂದರೆ ಒಂದು ಸೊನ್ನೆ ಅಥವಾ ಒಂದು ಒಂದು) 1280 ಬಿಟ್‌ಗಳಾಗಬೇಕು. ಆದರೆ ಮೊಬೈಲ್ ಜಾಲಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಎಎಂಆರ್ ಎಂಬ ವಿಧಾನ, ತನ್ನ ಅತ್ಯುತ್ತಮ ಮಟ್ಟದಲ್ಲಿಯೂ, ಅದನ್ನು 244 ಬಿಟ್‌ಗಳಲ್ಲಿ ಮುಗಿಸುತ್ತದೆ.

ಇದು ಚೀಲದಲ್ಲಿ ತೊಗರಿಯನ್ನು ಒತ್ತಿ ತುಂಬಿದಂತಲ್ಲ. ಯಂತ್ರವು ದನಿಯನ್ನು ಕೇಳಿ, ಇಂಥ ದನಿ ಹೊರಡಬೇಕಾದರೆ ಗಂಟಲು ಮತ್ತು ಬಾಯಿ ಯಾವ ಆಕಾರದಲ್ಲಿ ಇದ್ದಿರಬೇಕು ಎಂದು ಊಹಿಸುತ್ತದೆ. ಬಾಯಿಯ ಆಕಾರಕ್ಕೆ ಹತ್ತು ಸಂಖ್ಯೆಗಳು, ಧ್ವನಿತಂತುಗಳ ಕಂಪನದ ಅವಧಿಗೆ ಒಂದಿಷ್ಟು, ಉಸಿರಿನ ತಳ್ಳುವಿಕೆಯನ್ನು ಹೋಲುವ ಮಿಡಿತಗಳಿಗೆ ಇನ್ನೊಂದಿಷ್ಟು: ಮೊಬೈಲ್ ಗೋಪುರದ ಕಡೆಗೆ ಹೋಗುವುದು ಇಷ್ಟೇ. ಹಾರ್ಮೋನಿಯಂ ನಾದವನ್ನು ಕಳುಹಿಸುವ ಬದಲು, ತಿದಿಯನ್ನು ಎಷ್ಟು ಒತ್ತಿದರು, ಯಾವ ಮನೆಗಳ ಮೇಲೆ ಬೆರಳಿಟ್ಟರು ಎಂದು ಬರೆದು ಕಳುಹಿಸಿ, ಪುಣೆಯಲ್ಲಿ ಇನ್ನೊಂದು ಪೆಟ್ಟಿಗೆಯಿಂದ ನುಡಿಸಿದಂತೆ. ಅಥವಾ ಜೋಳದ ರೊಟ್ಟಿಯನ್ನು ಪಾರ್ಸಲ್ ಮಾಡುವ ಬದಲು ಹಿಟ್ಟಿನ ಅಳತೆ, ನೀರಿನ ಕಾವು, ಬಡಿತಗಳ ಎಣಿಕೆಯನ್ನು ಹೇಳಿ, ಅಲ್ಲಿಯೇ ಹೊಸ ರೊಟ್ಟಿ ಬೇಯಿಸಿದಂತೆ. ಮಾವ ಕೇಳಿದ್ದು ಭಜನೆಯವರ ದನಿಯನ್ನಲ್ಲ. ತನ್ನ ಕಿವಿಯ ಪಕ್ಕದಲ್ಲಿ ಫೋನು ಆಗತಾನೆ ಕಟ್ಟಿದ ಅದರ ಮರುರೂಪವನ್ನು. ಹಾರ್ಮೋನಿಯಂಗೆ ಗಂಟಲಿಲ್ಲವಾದ್ದರಿಂದ, ಗಂಟಲಿಗಾಗಿ ಮಾಡಿದ ಲೆಕ್ಕ ಅದರ ಮುಂದೆ ತಡವರಿಸುತ್ತದೆ. ಏಕತಾರಿಯ ಎಡೆಬಿಡದ ಶ್ರುತಿಯನ್ನಂತೂ, ಗದ್ದಲ ಅಳಿಸಲೆಂದು ಇರುವ ತಂತ್ರಾಂಶ ಫ್ಯಾನಿನ ಸದ್ದೆಂದು ಭಾವಿಸಿ ಒರೆಸಿಹಾಕುತ್ತದೆ. ಅದೇ ಪದವನ್ನು ಧ್ವನಿಮುದ್ರಿಸಿ ಕಡತವಾಗಿ ಕಳುಹಿಸಿದಾಗ ಪೆಟ್ಟಿಗೆಯೂ ಏಕತಾರಿಯೂ ಪುಣೆ ತಲುಪಿದವು.

ಇಲ್ಲಿ ಸ್ವಲ್ಪ ಇತಿಹಾಸ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ವಾಷಿಂಗ್ಟನ್ ಮತ್ತು ಲಂಡನ್ ನಡುವಿನ ಗುಪ್ತ ಮಾತುಕತೆಗಾಗಿ ಬೆಲ್ ಪ್ರಯೋಗಾಲಯದವರು ಸಿಗ್ಸಾಲಿ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಸುಮಾರು 50 ಟನ್ ತೂಗುತ್ತಿದ್ದ ಆ ಫೋನ್ ಮಾತನ್ನು ಸಂಖ್ಯೆಗಳಾಗಿ ಒಡೆದು ಕಳುಹಿಸುತ್ತಿತ್ತು. ಅದು ಒಡೆಯುತ್ತಿದ್ದುದೂ 20 ಮಿಲಿಸೆಕೆಂಡಿಗೊಮ್ಮೆಯೇ! ಅದನ್ನು ಪರಿಶೀಲಿಸಲು ಬ್ರಿಟನ್ನಿನಿಂದ ಬಂದಿದ್ದವರು ಗಣಿತಜ್ಞ ಅಲನ್ ಟ್ಯೂರಿಂಗ್. ಒಂದೇ ಯಂತ್ರ, ಸೂಚನೆಗಳನ್ನು ಬದಲಿಸಿದರೆ, ಯಂತ್ರದಿಂದ ಸಾಧ್ಯವಾಗುವ ಯಾವ ಲೆಕ್ಕವನ್ನಾದರೂ ಮಾಡಬಲ್ಲದು ಎಂದು 1936ರಲ್ಲಿ ಪ್ರತಿಪಾದಿಸಿದ ಅದೇ ಟ್ಯೂರಿಂಗ್. ಫೋನ್ ಮತ್ತು ಕಂಪ್ಯೂಟರ್‌ಗಳ ನಂಟು ಜೇಬಿನೊಳಗೆ ಬೆಳೆದದ್ದಲ್ಲ, ಅದಕ್ಕೂ ಬಹಳ ಹಳೆಯದು.

ಫೋನ್ ಪಕ್ಷದವರಿಗೂ ಒಂದು ಬಲವಾದ ವಾದವಿದೆ: ಮೊಬೈಲಿನಲ್ಲಿ ರೇಡಿಯೋ ಕೆಲಸಕ್ಕೆ ಬೇಸ್‌ಬ್ಯಾಂಡ್ ಎಂಬ ಪ್ರತ್ಯೇಕ ಪ್ರೊಸೆಸರ್ ಇರುತ್ತದೆ. ಆದರೆ ಅದೂ ತನ್ನದೇ ಕಾರ್ಯಾಚರಣ ವ್ಯವಸ್ಥೆಯುಳ್ಳ ಕಂಪ್ಯೂಟರೇ. 4ಜಿ ಜಾಲದಲ್ಲಿ ಮಾತಿಗೆಂದು ಬೇರೆ ದಾರಿಯೂ ಉಳಿದಿಲ್ಲ. ವೋಲ್ಟಿ ಕರೆ ಎಂದರೆ ವಿಡಿಯೋ ಹೋಗುವ ದಾರಿಯಲ್ಲಿಯೇ ಸಾಗುವ, ಆದರೆ ಆದ್ಯತೆ ಪಡೆದ, ದತ್ತಾಂಶದ ಪೊಟ್ಟಣಗಳು.

ಹೆಸರಿನ ಗೊಂದಲದಿಂದ ಹಾನಿಯೂ ಇದೆ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂದು ನಮ್ಮ ತೊಗರಿ ಹೊಲಗಳಲ್ಲಿ ಜನ ಗಟ್ಟಿಯಾಗಿ ನಂಬಿದ್ದಾರೆ. ಮನೆಯ ಹಳೆಯ ದೂರವಾಣಿಯ ತಂತಿಯ ಮೂಲಕ ಸಿಡಿಲಿನ ವಿದ್ಯುತ್ತು ಒಳಗೆ ಬರಬಹುದಾಗಿತ್ತು, ಆ ಎಚ್ಚರಿಕೆ ಸರಿಯಾಗಿಯೇ ಇತ್ತು; ತಂತಿಯೇ ಇಲ್ಲದ ಯಂತ್ರಕ್ಕೆ ಅದು ಹೆಸರಿನ ಬಲದಿಂದ ಅಂಟಿಕೊಂಡಿದೆ. ಮೊಬೈಲನ್ನು ಸ್ವಿಚ್ ಆಫ್ ಮಾಡಿ, ಜೇಬಿಗಿಳಿಸಿ, ನಿಶ್ಚಿಂತೆಯಿಂದ ಬಯಲಿನ ಒಂಟಿ ಬೇವಿನ ಮರದ ಕೆಳಗೆ ನಿಲ್ಲುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ.

ಇನ್ನೊಂದು ಹಾನಿ ಸದ್ದಿಲ್ಲದೆ ಆಗುವಂಥದ್ದು. ರಿಂಗ್ ಆಗುವವರೆಗೆ ಫೋನ್ ಚೆನ್ನಾಗಿದೆ ಎಂಬುದು ಹಳೆಯ ದೂರವಾಣಿಯ ಮಟ್ಟಿಗೆ ಪೂರ್ಣ ಸತ್ಯವಾಗಿತ್ತು. ಕಂಪ್ಯೂಟರ್ ಹಾಗಲ್ಲ; ಅದರ ತಂತ್ರಾಂಶದ ಬಿರುಕುಗಳು ಬಯಲಾದಂತೆಲ್ಲ ಭದ್ರತೆಯ ಅಪ್‌ಡೇಟ್‌ಗಳು ಬರುತ್ತಿರಬೇಕು, ನಿಂತ ದಿನದಿಂದ ಅದು ಚಿಲಕ ಸಡಿಲವಾದ ಮನೆ. ಮದುವೆಯ ಆಮಂತ್ರಣವೆಂದು ಬರುವ, ಹೊಸ ಆ್ಯಪ್ ಅಳವಡಿಸುವ ಎಪಿಕೆ ಕಡತವನ್ನು ಒತ್ತಿ ಬ್ಯಾಂಕಿನ ಹಣ ಕಳೆದುಕೊಳ್ಳುವವರು ಫೋನಿನಲ್ಲಿ ಚೀಟಿ ತೆರೆದೆವೆಂದು ಭಾವಿಸಿರುತ್ತಾರೆ. ನಿಜದಲ್ಲಿ ಅವರು ಕಂಪ್ಯೂಟರಿನೊಳಗೆ ಅಪರಿಚಿತನ ಪ್ರೋಗ್ರಾಮನ್ನು ಬಿಟ್ಟುಕೊಂಡಿರುತ್ತಾರೆ.

ಕಳೆದ ತಿಂಗಳು ಕಲಬುರಗಿಯ ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರಲ್ಲಿ ಮಾವನಿಗಾಗಿ ಮೊಬೈಲ್ ನೋಡಲು ಹೋಗಿದ್ದೆ. ಪಕ್ಕದಲ್ಲಿದ್ದ ಹಿರಿಯರು, "ರಿಂಗ್ ಜೋರ್ ಬರ್ತದೇನ್ರಿ?" ಎಂದು ಕೇಳಿ, ಕಿವಿಗೆ ಹಿಡಿದು ಪರೀಕ್ಷಿಸಿ, ಕೊಂಡು ಹೊರಟರು. ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು ನಾನು ಕೇಳಿದೆ. ಅಂಗಡಿಯ ಹುಡುಗ ಡಬ್ಬಿಯನ್ನು ಆರೂ ಮಗ್ಗುಲಿಗೆ ತಿರುಗಿಸಿ ಹುಡುಕಿದ. ಕ್ಯಾಮೆರಾ, ಬ್ಯಾಟರಿ, ಬಣ್ಣ ಎಲ್ಲವೂ ಅದರ ಮೇಲಿದ್ದವು, ಆ ಒಂದು ಸಂಖ್ಯೆ ಇರಲಿಲ್ಲ.